ಮ್ಯಾಲ ಅಂದರೆ ಮೇಲೆ

ಮಾಮಾ ಜೈಲಿಗೆ ಹೋದಾಗ ಅವನ ದನಿ ನನ್ನ ಗಂಟಲಲ್ಲೇ ಉಳಿಯಿತು. ಊರವರ ದನಿ ಕದಿಯುವ ಚಟ ನನಗೆ ಮೊದಲಿನಿಂದಲೂ ಇದೆ: ಯಡೂರು ಬಸ್ಸಿನ ಕಂಡಕ್ಟರ್, ಕರೋಶಿಯ ಹಿಟ್ಟಿನ ಗಿರಣಿಯವನು, ಹುಡುಗಿಯರ ಮುಂದೆ ತೊದಲುವ ನಾನು. ಅವ್ವ ಮಾತ್ರ ಒಂದನ್ನೇ ಕೇಳುತ್ತಿದ್ದಳು. ಕಬ್ಬಿನ ಹೊಲದ ಮೇಲೆ ಮಬ್ಬು ಇಳಿಯುವ ಹೊತ್ತಿಗೆ ಒಲೆಯ ಮುಂದೆ ಕೂತು, ಮುಖ ಆ ಕಡೆ ತಿರುಗಿಸಿ, "ನಿಮ್ಮ ಮಾಮಾನಂಗ ಒಂದೀಟ ಮಾತಾಡಪಾ" ಅನ್ನುವಳು. ನಾನು ಕೆಳತುಟಿಯೊಳಗೆ ಅಡಿಕೆ ಚೂರು ಇಟ್ಟುಕೊಳ್ಳುತ್ತಿದ್ದೆ. ಮಾಮಾನಿಗೆ ಅಲ್ಲಿ ಸದಾ ತಂಬಾಕು. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಷ್ಟು ಹೊತ್ತು ಅವಳ ತಮ್ಮ ನಮ್ಮ ಮನೆಯಲ್ಲೇ ಇದ್ದ ಹಾಗೆ.

ಮಾಮಾ ನಿಪ್ಪಾಣಿಯಲ್ಲಿ ಮುದಿ ತಂಬಾಕು ವ್ಯಾಪಾರಿಯೊಬ್ಬನ ವಖಾರಿಯಲ್ಲಿ ಚೀಲ ಹೊರುತ್ತಿದ್ದ. ಆಳುಗಳೆಲ್ಲ ಆ ಮುದುಕನಿಗೆ ಅಜ್ಜ ಅನ್ನುವುದು ರೂಢಿ. ಒಂದು ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಯಾರೋ ಅವನನ್ನು ಕೊಂದು, ಕೊರಳ ಚಿನ್ನದ ಸರ ಕಿತ್ತುಕೊಂಡು ಹೋದರು. ಹೆಣ ಕಂಡದ್ದು ಸಂಜೆ. ಆದರೆ ಅದಕ್ಕೂ ಮೊದಲು, ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಮರಾಠಿ ಹೆಂಗಸೊಬ್ಬಳು ಮಾಮಾ ಫೋನಿನಲ್ಲಿ "ಅಜ್ಜ ಮೇಲಾ" ಅಂದದ್ದನ್ನು ಕೇಳಿದ್ದಳು. ಅಜ್ಜ ಸತ್ತ ಅಂತ ಅವಳ ಭಾಷೆಯಲ್ಲಿ ಅರ್ಥ. ಯಾರ ಅಜ್ಜನೋ ಅಂದುಕೊಂಡು ಆಗ ಸುಮ್ಮನಿದ್ದವಳು ಕೋರ್ಟಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ಹೆಣ ಕಾಣುವ ಮೊದಲೇ ಸಾವು ಗೊತ್ತಿದ್ದವನು ಕೊಂದವನೇ ಇರಬೇಕಲ್ಲ? ಜೀವಾವಧಿ ಶಿಕ್ಷೆಯಾಯಿತು. ತಾನು ಏನಂದೆನೆಂದು ಮಾಮಾನಿಗೇ ನೆನಪಿರಲಿಲ್ಲ. ಧಾರವಾಡದ ಹೈಕೋರ್ಟಿಗೆ ಅಪೀಲು ಹೋದಾಗಲೂ ನಮ್ಮ ಚಿಕ್ಕೋಡಿ ವಕೀಲರ ಬಳಿ ಆ ಒಂದು ಮಾತಿಗೆ ಉತ್ತರವಿರಲಿಲ್ಲ.

ಒಂದು ಸಂಜೆ ನಾನು ಮಾಮಾ ಆಗಿ ಕೂತಿದ್ದಾಗ ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಮರಾಠಿ ಹೆಂಗಸು, ನಾವು ಮಾವಶಿ ಅಂತ ಕರೆಯುತ್ತಿದ್ದವಳು, ಮಜ್ಜಿಗೆ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ನಮ್ಮ ಅಜ್ಜ ಎಲ್ಲಿ ಎಂದು ಕೇಳಿದಳು. ಅಜ್ಜ ಮಾಳಿಗೆಯ ಮೇಲೆ ಜೋಳ ಒಣಗಿಸುತ್ತಿದ್ದ. ನಾನು ಮಾಮಾನ ದನಿ ಬಿಡದೆ, ತುಟಿ ಅರ್ಧ ಮುಚ್ಚಿ, ಕೊನೆ ಎಳೆದು ಹೇಳಿದೆ:

"ಅಜ್ಜ ಮ್ಯಾಲ."

ತಂಬಿಗೆ ಬಿತ್ತು. ಮಾವಶಿ "ಅಗ ಬಾಯಿ, ಕಧೀ?", ಅಯ್ಯೋ ಯಾವಾಗ, ಎಂದು ಎದೆ ಬಡಿದುಕೊಂಡಳು. ಮೇಲಿನಿಂದ ಅಜ್ಜ ಬಗ್ಗಿ, ಅವ್ವನನ್ನು ಕೇಳಿದ: "ಯಾರ ತೀರಕೊಂಡ್ರ ಬೇ?"

ಯಾರೂ ನಗಲಿಲ್ಲ. ಮಜ್ಜಿಗೆ ನೆಲದ ಮೇಲೆ ಮೋಡದ ಹಾಗೆ ನಿಧಾನ ಹರಡುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. "ಇನ್ನೊಮ್ಮೆ ಅನ್ನು" ಎಂದಳು, ಬಹಳ ಮೆಲ್ಲಗೆ.

ಮರುದಿನ ವಕೀಲರೂ ನನಗೆ "ಇನ್ನೊಮ್ಮೆ ಅನ್ನು" ಅಂದರು. ಸಾಕ್ಷಿಗೆ ಕನ್ನಡ ಬರುವುದಿಲ್ಲ, ಮಾಮಾ ಆಡುವುದು ಕನ್ನಡ ಎಂಬ ಎರಡೂ ಸಂಗತಿ ವಿಚಾರಣೆಯಲ್ಲೇ ಬಂದಿದ್ದವು. ಎರಡನ್ನೂ ಜೋಡಿಸಿ, ಮಹಡಿಯ ಮೇಲಿದ್ದ ಅಜ್ಜನನ್ನೇ ಮಾಮಾ ಫೋನಿನಲ್ಲಿ 'ಮ್ಯಾಲ' ಅಂದಿರಬಹುದೆಂದು ಯಾರೂ ನೋಡಿರಲಿಲ್ಲ. ಆದರೆ ವಕೀಲರ ಬಾಯಲ್ಲಿ ಆ ಮಾತು ಪುಸ್ತಕದ ಹಾಗೆ ಹೊರಡುತ್ತಿತ್ತು. "ಅಡಿಕಿ ಎಡಕ್ಕ ಒತ್ತರಿ ಸಾಹೇಬ್ರ," ಎಂದೆ, ಅವರ ಕೆಳತುಟಿಯೊಳಗೂ ಒಂದು ಚೂರು ಇಡಿಸಿ. ಅಷ್ಟು ದೊಡ್ಡವರಿಗೆ ಪಾಠ ಹೇಳುವ ಭಾಗ್ಯ ನನಗೆ ಮತ್ತೆ ಬಂದಿಲ್ಲ. ಅವರ ಕೋಟಿನ ಮೇಲೆ ಉಗುಳು ಬಿದ್ದದ್ದಕ್ಕೆ ನಾನು ಹೊಣೆಯಲ್ಲ.

ಧಾರವಾಡದಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಫ್ಯಾನು ನಿದ್ದೆಯಲ್ಲಿ ಎಂಬಂತೆ ತಿರುಗುತ್ತಿತ್ತು. ವಕೀಲರು ಆ ಮಾತನ್ನು ಒಮ್ಮೆ ತಮ್ಮ ಬಾಯಲ್ಲಿ ಹೇಳಿದರು, ಒಮ್ಮೆ ಮಾಮಾನ ಬಾಯಲ್ಲಿ. ಎರಡನೆಯದಕ್ಕೆ ನನ್ನ ತುಟಿಯೂ ಅಲುಗಿತು. ಪಕ್ಕದಲ್ಲಿದ್ದ ಅವ್ವ ಕಣ್ಣು ಮುಚ್ಚಿದ್ದಳು. ನ್ಯಾಯಮೂರ್ತಿಗಳು ಒಬ್ಬರನ್ನೊಬ್ಬರು ನೋಡಿದರು.

ಸಂಶಯದ ಲಾಭ ಕೊಟ್ಟು ಮಾಮಾನನ್ನು ಬಿಟ್ಟರು.

ಬಂದವನು ತಂಬಾಕು ಬಿಟ್ಟಿದ್ದ, ಮಾತೂ ಬಿಟ್ಟಿದ್ದ. ಅಜ್ಜ ಎಲ್ಲಿ ಎಂದು ಯಾರಾದರೂ ಕೇಳಿದರೆ ಸುಮ್ಮನೆ ಬೆರಳನ್ನು ಆಕಾಶಕ್ಕೆ ಎತ್ತುತ್ತಿದ್ದ. ಒಂದು ಸಂಜೆ ಮಾವಶಿಯೇ ಬಾಗಿಲಿಗೆ ಬಂದು ಕೇಳಿದಾಗಲೂ ಹಾಗೇ ಮಾಡಿದ.

"ಹಂಗ ಬೆರಳ ತೋರಸಬ್ಯಾಡೋ ಮಾಮಾ," ಎಂದೆ, ಅವನದೇ ಹಳೆಯ ದನಿಯಲ್ಲಿ. "ಮಾವಶಿ ಮತ್ತ ಎದಿ ಬಡಕೋತಾಳ."

ಬಹಳ ದಿನ ಕಾಣದ ನಂಟನೊಬ್ಬ ಬಾಗಿಲಲ್ಲಿ ನಿಂತಿದ್ದಾನೇನೋ ಎಂಬಂತೆ ಅವನು ನನ್ನ ಬಾಯನ್ನೇ ನೋಡಿದ. ಆಮೇಲೆ ಮಾವಶಿಯ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಇಟ್ಟ:

"ಮಾಳಗಿ ಮ್ಯಾಲ ಕುಂತಾನ್ರಿ. ಜ್ವಾಳ ಒಣಗಸಾಕತ್ತಾನ. ಆರಾಮ ಅದಾನ."