ಅಗಲ ಬಾಯಿಯ ಸವತಿ

ನಮ್ಮ ಮನೆಯ ಕಬ್ಬಿಣದ ಬಾಣಲೆಯಲ್ಲಿ ನಾನೊಮ್ಮೆ ಮರಳು ಹುರಿದಿದ್ದೇನೆ. ನಗಬೇಡಿ. ಶೇಂಗಾ ಹುರಿಯುವಾಗ ಮರಳು ಹಾಕುವುದುಂಟು, ಅದು ನಿಮಗೂ ಗೊತ್ತು. ನಾನು ಹುರಿದದ್ದು ಬರೀ ಮರಳು. ಮಿರ್ಜಾನದ ಹೊಳೆಯಿಂದ ಗೋಣಿಚೀಲದಲ್ಲಿ ಬಂದ ಹಸಿ ಮರಳು, ಅದೂ ಭಾನುವಾರದ ಬೆಳಗ್ಗೆ, ದೋಸೆ ಎರೆಯಬೇಕಾದ ಹೊತ್ತಿನಲ್ಲಿ. ಹಬೆ ಉಗುಳುತ್ತ, ಚಟಪಟ ಸಿಡಿಯುತ್ತ ಅದು ಒಣಗುತ್ತಿದ್ದಾಗ, ಒಲೆಯ ಮುಂದೆ ಕೂತು ಸೌಟಿನಿಂದ ತಿರುವುತ್ತಿದ್ದ ನನ್ನ ಹೊಟ್ಟೆಯಲ್ಲೂ ಅದೇ ಉರಿ. ಸಂಸ್ಕೃತದವರು ಮತ್ಸರ ಎಂದರು, ಅಸೂಯೆ ಎಂದರು. ನಮ್ಮ ಹಿರಿಯರು ಮಾತ್ರ ನೇರವಾಗಿ ಕೈಯಿಟ್ಟು ತೋರಿಸಿದರು, ಹೊಟ್ಟೆಕಿಚ್ಚು ಅಂತ. ಆ ಹೆಸರಿಟ್ಟವರು ಖಂಡಿತ ಯಾರೋ ಹೆಂಗಸೇ ಇರಬೇಕು, ಒಲೆಯ ಮುಂದೆ ಕೂತವಳೇ ಇರಬೇಕು.

ಆ ಮರಳು ಯಾರಿಗಾಗಿ ಎಂದು ಕೇಳುತ್ತೀರಿ. ನಮ್ಮ ಯಜಮಾನರ ಪಿಕಪ್ ಗಾಡಿಗಾಗಿ.

ಕೊಂಕಣ ರೈಲು ಓಡಲು ಶುರುವಾಗಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಧಾರೇಶ್ವರದಲ್ಲಿ ಹೆದ್ದಾರಿಯ ಪಕ್ಕ ನಮ್ಮ ಮನೆ. ನಾನು ಹಿರೇಗುತ್ತಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಇವರು ಡೀಸೆಲ್ ಪಿಕಪ್ ಇಟ್ಟುಕೊಂಡು ಹೊನ್ನಾವರದಿಂದ ಕುಮಟೆಗೆ, ಕೆಲವೊಮ್ಮೆ ಘಟ್ಟ ಹತ್ತಿ ಶಿರಸಿಗೆ, ಮೀನು ಮತ್ತು ಮಂಜುಗಡ್ಡೆ ಸಾಗಿಸುವವರು. ಮೊದಲಿನಿಂದಲೂ ಮಾತು ಕಡಿಮೆ. ಮದುವೆಯಾದ ಹೊಸತರಲ್ಲಿ ಅದು ಗಾಂಭೀರ್ಯವಾಗಿ ಕಂಡಿತು, ಆಮೇಲೆ ಅಭ್ಯಾಸವಾಯಿತು, ಬರಬರುತ್ತ ಗೋಡೆಯಾಯಿತು. ಶಾಲೆಯ ಸುದ್ದಿ ಹೇಳಿದರೆ ‘ಹೂಂ’. ತವರಿನ ಸುದ್ದಿ ಹೇಳಿದರೆ ‘ಹೂಂ’. ಒಮ್ಮೆ ಸಿಟ್ಟಿನಿಂದ, ‘ನಾಳೆಯಿಂದ ಅಡುಗೆ ಮಾಡೂದಿಲ್ಲ’ ಎಂದೆ. ಅದಕ್ಕೂ ‘ಹೂಂ, ಆತು’ ಎಂದುಬಿಟ್ಟರು. ಊರಿನ ಯಾವ ಮದುವೆಯಾದರೂ ಹಸೆಯ ಮುಂದೆ ಹಾಡಲು ನನ್ನನ್ನೇ ಕರೆಯುತ್ತಿದ್ದರು. ಚಪ್ಪರದ ಹೆಂಗಸರೆಲ್ಲ ಸುಮ್ಮನಾಗಿ ಕೇಳುವಾಗ ಇವರು ಮಾತ್ರ ಹೊರಗೆ ಹೋಗಿ ಗಾಡಿಗೆ ಒರಗಿ ನಿಂತಿರುತ್ತಿದ್ದರು. ನನ್ನ ಕಂಠಕ್ಕೆ ಊರಿನ ಕಿವಿಯೆಲ್ಲ ಸಿಕ್ಕಿತು, ಮನೆಯ ಕಿವಿ ಸಿಗಲಿಲ್ಲ.

ಹೀಗಿದ್ದ ಮನುಷ್ಯರಿಗೆ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಹುಚ್ಚು ಹಿಡಿಯಿತು. ಗಾಡಿಯ ಅಡಿಯಲ್ಲಿದ್ದ ಬಡಕಲು ಹೊಗೆ ಕೊಳವೆಯನ್ನು ತೆಗೆದುಹಾಕಿ, ಇಂಜಿನ್ನಿನ ಬಾಯಿಂದ ಹಿಂದಿನ ಚಕ್ರದಾಚೆಯವರೆಗೆ ಒಂದೇ ಅಗಲದ ದಪ್ಪ ಕೊಳವೆ ಹಾಕಿಸಬೇಕಂತೆ. ಈ ವಸ್ತುವಿಗೆ ಲೋಕ ಇಟ್ಟ ಹೆಸರು ಸೈಲೆನ್ಸರ್. ಸದ್ದಡಗಿಸುವ ಸಾಧನದಿಂದಲೇ ಸದ್ದು ಹೆಚ್ಚಿಸುವ ಇವರು, ಮಾತಾಡಬೇಕಾದ ಮನೆಯಲ್ಲಿ ಮಾತ್ರ ತಾವೇ ಸೈಲೆನ್ಸರ್ ಆಗಿದ್ದರು! ಭಾನುವಾರ ಬಂತೆಂದರೆ ಭಟ್ಕಳ. ಅಲ್ಲಿ ಹೆದ್ದಾರಿಯಂಚಿನಲ್ಲಿ ಇಕ್ಬಾಲ್ ಸಾಯ್ಬರು ಎಂಬವರ ವೆಲ್ಡಿಂಗ್ ಶೆಡ್ಡು. ಗುಜರಿಗೆ ಬಂದ ಯಾವುದೋ ದೊಡ್ಡ ಲಾರಿಯ ಕೊಳವೆಯನ್ನು, ತೆಂಗಿನ ಕರಟ ಕೂರುವಷ್ಟು ಅಗಲದ್ದನ್ನು, ಅವರು ಇವರಿಗಾಗಿ ಎತ್ತಿಟ್ಟಿದ್ದರು. ಬೆಳಗ್ಗೆ ಹೋದವರು ಸಂಜೆ ಬರುವಾಗ ಅಂಗಿಯ ತುಂಬ ಕಿಡಿ ಸುಟ್ಟ ಚುಕ್ಕೆಗಳು, ಮುಖದ ತುಂಬ ಬೆಳಕು. ಆ ಬೆಳಕು ಯಾವ ಹಬ್ಬಕ್ಕೂ ನಮ್ಮ ಅಡುಗೆಮನೆಯವರೆಗೆ ಬಂದದ್ದಲ್ಲ.

ಹಿಂದಿನ ಚಕ್ರದ ಅಚ್ಚಿನ ಮೇಲಿನಿಂದ ಹಾಯುವಾಗ ಕೊಳವೆಯನ್ನು ಬಗ್ಗಿಸಬೇಕು. ಸುಮ್ಮನೆ ಕಾಯಿಸಿ ಬಗ್ಗಿಸಿದರೆ ಅದು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಒಳಗೆ ಒಣ ಮರಳನ್ನು ಒತ್ತಿ ತುಂಬಿದರೆ ಅಗಲ ಕೆಡದೆ ಬಾಗುತ್ತದೆ. ಮರಳಿನಲ್ಲಿ ನೀರಿನ ಪಸೆ ಉಳಿದರೆ ಹಬೆಗೆ ಸಿಡಿದುಹೋಗುವ ಭಯ. ಇದನ್ನೆಲ್ಲ ಇವರು ನನಗೆ ವಿವರಿಸಿದರು. ವರ್ಷಗಳಿಂದ ನನ್ನೊಡನೆ ಆಡಿದ ಅತಿ ದೀರ್ಘ ಮಾತು ಅದೇ. ಕೊನೆಗೆ, ‘ಸುಮಿತ್ರಾ, ಬಿಸಿಲು ಇಲ್ಲ. ಬಾಣ್ಲೆಲಿ ಹುರ್ದು ಕೊಡ್ತ್ಯಾ?’ ಎಂದರು. ಅಷ್ಟು ಮೆತ್ತಗೆ ಕೇಳಿದರೆ ಯಾವ ಹೆಂಗಸು ಇಲ್ಲವೆಂದಾಳು? ಸವತಿಯ ಬಾಣಂತನಕ್ಕೆ ಮೆಂತ್ಯ ಹುರಿದಂತೆ ಹುರಿದುಕೊಟ್ಟೆ.

ಕೊಳವೆ ಕೂತಿತು. ದನಿ ಬಂತು. ಜೋರು ಎನ್ನುವುದಕ್ಕಿಂತ ಆಳ ಎನ್ನಬೇಕು; ಧಾರೇಶ್ವರದ ಕಡಲು ಮಳೆಗಾಲದಲ್ಲಿ ದಂಡೆಗೆ ಅಪ್ಪಳಿಸುವ ಮೊದಲು ಒಳಗೊಳಗೇ ಮೊಳಗುತ್ತದಲ್ಲ, ಆ ಬಗೆ. ಪಾತ್ರೆಗಳು ಕಂಪಿಸಿದವು. ಪಕ್ಕದ ಮನೆಯ ನಾಗವೇಣಿ ಬೇಲಿಯ ಆಚೆಯಿಂದ, ‘ಅಕ್ಕೋರೆ, ನಿಮ್ಮ ಗಾಡಿ ಕರ್ಕಿ ದಾಟ್ತಿದ್ದಂಗೆ ನಮ್ಮನೆ ಕರು ಹಗ್ಗ ಹರೀತದೆ, ಎಂತ ಹೊಸ ದೆವ್ವ ಇದು?’ ಎಂದು ಜಗಳಕ್ಕೇ ಬಂದಳು. ನಾನು ಮೇಲೆ ಮೇಲೆ ಸಮಾಧಾನ ಹೇಳಿದೆ, ಒಳಗೊಳಗೆ ಅವಳ ಪಕ್ಷ ಸೇರಿದೆ. ಸಂಜೆ ಅಂಗಳಕ್ಕೆ ಬಂದ ಮೇಲೂ ಇವರು ಕೂಡಲೇ ಇಂಜಿನ್ ಆರಿಸುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಆ ಗುಡುಗುಡುವನ್ನು ಹಾಡು ಕೇಳಿದಂತೆ ಕೇಳುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಗಂಡ ಬೇರೆ ಹೆಂಗಸಿನ ಕಡೆ ನೋಡಿದರೆ ಅವಳ ಜಡೆ ಹಿಡಿದು ಕೇಳಬಹುದು. ಕೊಳವೆಯ ಜಡೆ ಎಲ್ಲಿ ಹಿಡಿಯಲಿ?

ದಸರಾ ರಜೆಯಲ್ಲಿ ಕೊಳವೆಯ ಒಂದು ಕಟ್ಟು ಸಡಿಲಾಗಿ ಬಡಿಯತೊಡಗಿದಾಗ, ನಾನೂ ಬರುತ್ತೇನೆಂದು ಹಟ ಮಾಡಿ ಭಟ್ಕಳಕ್ಕೆ ಹೊರಟೆ. ಸವತಿಯ ತವರುಮನೆಯನ್ನೊಮ್ಮೆ ಕಣ್ಣಾರೆ ನೋಡಬೇಕಿತ್ತು. ಇಕ್ಬಾಲ್ ಸಾಯ್ಬರು ಇವರದೇ ವಯಸ್ಸಿನವರು. ‘ಬನ್ನಿ ಭಾಭಿ’ ಎಂದು ಸ್ಟೂಲು ಒರೆಸಿ ಕೊಟ್ಟರು. ಇವರು ಬೋಲ್ಟು ತರಲು ಪೇಟೆಯತ್ತ ಹೋದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ‘ಸಾಯ್ಬರೇ, ಇದೆಂತ ಹುಚ್ಚು ಇವರಿಗೆ? ಊರೆಲ್ಲ ಬಯ್ತದೆ.’

‘ನಾನೂ ಬೇಡ ಅಂದೆ ಭಾಭಿ. ಇಷ್ಟು ದಪ್ಪ ಯಾಕೆ, ಜನ ಬೈತಾರೆ ಅಂದೆ. ಬಯ್ಲಿ, ನಂಗೆ ಇಂಜಿನ್ ಕೇಳ್ಬೇಕು ಅಂದ್ರು. ಪಾಪ, ಕಿವಿ ಹೋದ್ಮೇಲೆ ಡ್ರೈವರ್ ಎಂತ ಮಾಡೂದು? ಗೇರ್ ಹಾಕೂದು ಸದ್ದು ಕೇಳಿ ಅಲ್ವಾ. ಈಗ ಸೀಟಲ್ಲಿ ಕೂತ್ರೆ ಬೆನ್ನಿಗೆ ಗೊತ್ತಾಗ್ತದಂತೆ.’

ನನ್ನ ಮುಖ ನೋಡಿ ಅವರ ಮುಖ ಬದಲಾಯಿತು. ‘ನಿಮಗೆ ಹೇಳಿಲ್ವಾ?’ ಎಂದರು ಮೆಲ್ಲಗೆ.

ಗೆಳೆಯರೇ, ಆ ಕ್ಷಣದಲ್ಲಿ ನನಗೆ ಮೊದಲು ಬರಬೇಕಾದದ್ದು ಕನಿಕರ. ಬಂದದ್ದು ಅದಲ್ಲ. ಮನೆಯಲ್ಲಿ ಬಾಯಿ ಬಿಡದವರು ಈ ಶೆಡ್ಡಿನಲ್ಲಿ ಎದೆ ಬಿಚ್ಚಿದ್ದಾರೆ. ನನಗಿಲ್ಲದ ಗುಟ್ಟು ಈ ಸಾಯ್ಬರಿಗಿದೆ. ಇಷ್ಟು ದಿನ ಕಬ್ಬಿಣದ ಮೇಲಿದ್ದ ಕಿಚ್ಚು ಹಾರಿ ಆ ಒಳ್ಳೆಯ ಮನುಷ್ಯರ ಮೇಲೆ ಬಿತ್ತು. ಅವರು ತರಿಸಿಕೊಟ್ಟ ಚಹಾ ಕೂಡ ಕುಡಿಯಲಾಗಲಿಲ್ಲ.

ಮರಳುವಾಗ ಇವರನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಕಣ್ಣು ಹೆಜ್ಜೆಹೆಜ್ಜೆಗೆ ಕನ್ನಡಿಗೆ ಓಡುವುದು, ಗೇರು ಬದಲಿಸುವ ಮುನ್ನ ಮೈ ತುಸು ನೆಟ್ಟಗಾಗುವುದು. ಹೊನ್ನಾವರದ ಸೇತುವೆಯ ಮೇಲೆ ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ಬಿಡದೆ ಹೊಡೆಯಿತು. ಇವರಿಗೆ ಕೇಳಲಿಲ್ಲ. ಎದುರಿನಿಂದ ಲಾರಿ, ಸಹನೆಗೆಟ್ಟ ಬಸ್ಸು ನಮ್ಮ ಮಗ್ಗುಲಿಗೇ ನುಗ್ಗಿತು. ನಾನು ಕಿರುಚಿದೆ, ಅದೂ ಕೇಳಲಿಲ್ಲ. ತೋಳು ಹಿಡಿದು ಎಳೆದಾಗಷ್ಟೇ ಎಡಕ್ಕೆ ತಿರುಗಿಸಿದರು. ಬಸ್ಸು ನಮ್ಮ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಸೇತುವೆ ದಾಟಿ ಗಾಡಿ ನಿಲ್ಲಿಸಿದರು.

ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದೆ: ‘ಕಿವಿ ಕೇಳೂದಿಲ್ಲ ಅಂತ ನನಗೆಂತಕ್ಕೆ ಹೇಳ್ಲಿಲ್ಲ? ಭಟ್ಕಳಕ್ಕೆ ಹೋಗಿ ಹೇಳೂಕೆ ಆತದೆ, ಮನೇಲಿ ಹೇಳೂಕೆ ಆಗೂದಿಲ್ವಾ?’

ಇವರು ಸ್ಟೀರಿಂಗ್ ನೋಡುತ್ತಲೇ ಅಂದರು: ‘ಹೇಳಿದ್ರೆ ನೀ ಗಾಡಿ ಬಿಡಿಸ್ತಿದ್ದೆ. ಮತ್ತೆ, ನೀ ಹಾಡೂದೂ ನಿಲ್ಸ್ತಿದ್ದೆ. ಕೇಳ್ದೇ ಇದ್ರೂ, ನೀ ಹಾಡ್ತಾ ಇದ್ದೆ ಅಂತ ಸಮಾಧಾನ ಇತ್ತಲ್ಲ.’

ಅಂದಿನಿಂದ ಗಾಡಿ ಅಂಗಳದಲ್ಲೇ ನಿಂತಿತು. ಇವರನ್ನು ಮಂಗಳೂರಿಗೆ ಕರೆದೊಯ್ದೆ. ವೈದ್ಯರು ಪರೀಕ್ಷಿಸಿ, ಡೀಸೆಲ್ ಇಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದವರಿಗೆ ಹೀಗಾಗುತ್ತದೆ, ತೆಳುವಾದ ದನಿಗಳು ಮೊದಲು ಹೋಗುತ್ತವೆ ಎಂದರು: ಹಕ್ಕಿಗಳದು, ಮಕ್ಕಳದು, ಹೆಂಗಸರದು. ಮೊಳಗುವ ಸದ್ದು ಕೊನೆಯವರೆಗೂ ಉಳಿಯುತ್ತದಂತೆ. ನೋಡಿ, ಕೊನೆಗೂ ನನ್ನ ಸಂಶಯ ನಿಜವಾಯಿತು. ಆ ಗಾಡಿಯೇ ನನ್ನ ದನಿಯನ್ನು ಇವರ ಕಿವಿಯಿಂದ ಹೊರಹಾಕಿ, ಆ ಜಾಗದಲ್ಲಿ ತಾನು ಕೂತದ್ದು. ಇದನ್ನು ವೈದ್ಯರ ಬಾಯಿಂದಲೇ ಕೇಳಿ ನನಗೆ ದುಃಖದ ನಡುವೆಯೂ ಗೆದ್ದಂತಾಯಿತು; ವ್ಯಾಜ್ಯ ಗೆದ್ದರೂ ಆಸ್ತಿ ಕರಗಿಹೋಗಿತ್ತು, ಅಷ್ಟೇ.

ಎರಡೂ ಕಿವಿಗೆ ಯಂತ್ರ ಬಂತು. ಗಾಡಿ ಓಡಿಸಬಹುದು, ಆದರೆ ಅದನ್ನು ಹಾಕಿಕೊಂಡೇ ಓಡಿಸಬೇಕು ಎಂದು ವೈದ್ಯರು ಒಪ್ಪಿದರು. ಮನೆಗೆ ಬಂದವರೇ ಇವರು ನೇರ ಗಾಡಿ ಹತ್ತಿ ಕೀಲಿ ತಿರುಗಿಸಿದರು. ನಾನು ಕಿಟಕಿಗೆ ಬಂದೆ. ನೋಡುವುದಿಲ್ಲ ಎಂದುಕೊಂಡೇ ಬಂದೆ. ಇಂಜಿನ್ ಮೊಳಗಿತು. ಇವರು ಬೆಚ್ಚಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ‘ಅಯ್ಯಯ್ಯೋ! ಇಷ್ಟು ಗಲಾಟೆಯಾ ಇದು? ಜನ ಹೆಂಗೆ ತಡ್ಕಂಡ್ರು?’ ಬೇಲಿಯಾಚೆ ನಾಗವೇಣಿ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು. ಮುಂದಿನ ಭಾನುವಾರವೇ ಇವರು ಭಟ್ಕಳಕ್ಕೆ ಹೋಗಿ ಹಳೆಯ ಬಡಕಲು ಕೊಳವೆಯನ್ನೇ ಕೂರಿಸಿಕೊಂಡು ಬಂದರು. ಇಕ್ಬಾಲ್ ಸಾಯ್ಬರು ದಪ್ಪ ಕೊಳವೆಯನ್ನು ನಗುತ್ತಲೇ ಕತ್ತರಿಸಿದರಂತೆ.

ಸವತಿ ಹೋದಳು, ಇನ್ನು ಸುಖ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೊಸ ಕಿವಿ ಬಂದವರಿಗೆ ಲೋಕವೆಲ್ಲ ನೆಂಟರು. ಬೆಳಗಾದರೆ ಮಡಿವಾಳ ಹಕ್ಕಿ, ಮಧ್ಯಾಹ್ನ ದೂರದ ರೈಲು, ಸಂಜೆ ನಲ್ಲಿ ತೊಟ್ಟಿಕ್ಕುವುದು. ಎಲ್ಲದಕ್ಕೂ ತಲೆ ವಾಲಿಸಿ ಕೂರುವರು. ‘ಕೇಳ್ದ್ಯಾ? ಅದೆಂತ ಹಕ್ಕಿ?’ ಎಂದು ನನ್ನನ್ನೇ ಕರೆದು ಕೇಳುವರು. ಒಬ್ಬಳಿದ್ದ ಕಡೆ ನೂರು ಮಂದಿ. ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಪಡುವ ವಯಸ್ಸೇ ಇದು ಎಂದು ನನ್ನನ್ನು ನಾನೇ ಕೇಳಿಕೊಂಡೆ; ಉತ್ತರ ಮಾತ್ರ, ಹೌದು, ಪಡುತ್ತೇನೆ.

ಒಂದು ಸಂಜೆ ಜಗಲಿಯಲ್ಲಿ ಹೂ ಕಟ್ಟುತ್ತ ಶಾಲೆಯ ಒಬ್ಬ ಹುಡುಗಿಯ ಸುದ್ದಿ ಹೇಳುತ್ತಿದ್ದೆ. ಇವರು ಕೈಯೆತ್ತಿ ತಡೆದರು. ‘ಎಂತಕ್ಕೆ ಇಷ್ಟು ಜೋರು ಕೂಗ್ತೆ ಮಾರಾಯ್ತಿ? ನಾ ಇಲ್ಲೇ ಇದ್ದೆ.’

ಆಗಲೇ ನನಗೆ ಅರಿವಾದದ್ದು, ಗೋಡೆಗೆ ಹೇಳಿ ಹೇಳಿ ನಾನು ಎಷ್ಟೋ ವರ್ಷಗಳಿಂದ ಕೂಗಿಯೇ ಮಾತಾಡುತ್ತಿದ್ದೆ ಎಂದು. ದನಿ ತಗ್ಗಿಸಲು ಹೋದೆ, ಬರಲಿಲ್ಲ, ಮರೆತೇ ಹೋಗಿತ್ತು. ಎದುರಿಗೆ ಇವರು ಮೊಣಕಾಲಿನ ಮೇಲೆ ಕೈಯಿಟ್ಟು, ನನ್ನ ಬಾಯನ್ನೇ ನೋಡುತ್ತ, ಕಾಯುತ್ತಿದ್ದರು. ‘ನಿಲ್ಲಿಸ್ದೆ ಎಂತಕ್ಕೆ? ಆ ಹುಡುಗಿ ಸುದ್ದಿ ಮುಂದೆ ಎಂತಾತು?’ ಎಂದರು. ನನ್ನ ಜೀವಮಾನದಲ್ಲಿ ಇವರು ‘ಮುಂದೆ’ ಎಂದು ಕೇಳಿದ್ದು ಅದೇ ಮೊದಲು. ಮುಂದಿನದೆಲ್ಲ ನನಗೆ ಮರೆತುಹೋಯಿತು. ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ, ಪಿಸುಗುಟ್ಟುವಷ್ಟು ಸಣ್ಣಗೆ, ‘ಹೇಳ್ತೆ, ತಡೀರಿ’ ಎಂದೆ. ಅದೂ ಅವರಿಗೆ ಕೇಳಿಸಿತು.