ಬನಿಯನ್ ಕಂಪನಿಯ ಡಲ್ಲು

“ಡಲ್ಲು ಅನ್ನೋ ಮಾತು ನಮ್ಮದಲ್ಲ ಅಕ್ಕಾ, ಇಂಗ್ಲಿಷ್‌ನೋರದು. ಆದ್ರೆ ತಿರುಪ್ಪೂರಲ್ಲಿ ಅದಿಲ್ದೆ ದಿನ ಕಳೆಯಲ್ಲ. ಆರ್ಡರ್ ಬರದಿದ್ರೆ ವ್ಯಾಪಾರ ಡಲ್ಲು. ಕರೆಂಟು ಕುಗ್ಗಿ ಬಲ್ಬು ಕೆಂಪಗಾದ್ರೆ ಅದೂ ಡಲ್ಲು. ನನ್ನ ತಮ್ಮನ ಮಗ ಲೆಕ್ಕ ತಪ್ಪಿದ್ರೆ, ಹುಡುಗ ಡಲ್ಲು ಅಂತಾರೆ ಇಸ್ಕೂಲ್ ವಾತ್ಯಾರು. ಜ್ವರ ಬಿಟ್ಟು ಎದ್ದು ಬಂದ್ರೆ, ಏನಕ್ಕಾ ಮುಖ ಡಲ್ಲಾಗಿದೆ ಅಂತಾರೆ. ಬಿಳಿ ಬನಿಯನ್ನು ಹೊಳಪಿಲ್ದೆ ಇದ್ರೆ ಡಲ್ಲು ಅಂತ ಪಕ್ಕಕ್ಕೆ ಹಾಕೋದು ನನ್ನ ಕೆಲಸ. ಮಂಕು ಅಂದ್ರೆ ಬೈದ ಹಾಗಾಗುತ್ತೆ. ಡಲ್ಲು ಅಂದ್ರೆ ಯಾರಿಗೂ ಕೋಪ ಬರಲ್ಲ. ನಂಗೆ ಮಾತ್ರ ಒಂದ್ಸಲ ಬಂತು.”

ಹೀಗೆ ಹೇಳುವ ಸುಬ್ಬಾತಾಳ್ ಕಂಪನಿಯಲ್ಲಿ ಚೆಕ್ಕಿಂಗ್ ಮೇಜಿನವಳು. ಬಾಗಿಲ ಪಕ್ಕದ ಮೇಜು, ಕೂರಲು ಸ್ಟೂಲು, ಎದುರು ಗೋಡೆಯ ಮೊಳೆಯಲ್ಲಿ ಒಂದು ಬನಿಯನ್ನು. ಅದು ಸ್ಯಾಂಪಲ್. ಬ್ಲೀಚ್ ಆಗಿ ಬಂದದ್ದನ್ನೆಲ್ಲ ಅದರ ಪಕ್ಕ ಹಿಡಿದು ನೋಡಬೇಕು. ಅಷ್ಟು ಬಿಳಿ ಇದ್ದರೆ ಸರಿ. ದಿನವಿಡೀ ಬಿಳಿಯನ್ನೇ ನೋಡಿ ಅವಳಿಗೆ ತಟ್ಟೆಯ ಅನ್ನವೂ ಚೆಕ್ಕಿಂಗಿಗೆ ಬಂದ ಹಾಗೆ ಕಾಣುತ್ತಿತ್ತು.

1985ರ ಆಸುಪಾಸು, ಫೆಬ್ರವರಿ ಕೊನೆಗೆ ಬರುವ ಮಾಸಿ ತಿಂಗಳಲ್ಲಿ, ಕೊಯಮತ್ತೂರಿನ ಅಂಗಡಿಯವನೊಬ್ಬ ಮೂಟೆಯನ್ನೇ ವಾಪಸ್ ಕಳಿಸಿದ. ಎಲ್ಲ ಡಲ್ಲು ಅಂದನಂತೆ. ಸೂಪರ್‌ವೈಸರ್ ಮಯಿಲ್‌ಸಾಮಿ ಮೇಜಿನ ಮುಂದೆ ಬಂದು ನಿಂತ.

“ನಿಮ್ಮ ಕಣ್ಣೇ ಡಲ್ಲಾಗಿದೆ ಅಕ್ಕಾ. ನಾಳೆಯಿಂದ ಕೆಳಗೆ ಕೂತು ನೂಲು ಕತ್ತರಿಸಿ. ನೂಲು ಕತ್ತರಿಸೋ ಪಾಪಾತಿ ಇಲ್ಲಿರಲಿ.”

ನೆಲದಲ್ಲಿ ಕೂರಲು ಅವಳ ಮಂಡಿ ಒಪ್ಪದು. ಸ್ಟೂಲು ಹೋದರೆ ಕೆಲಸವೇ ಹೋದಂತೆ. ಸಂಜೆ ಮನೆಯಲ್ಲಿ ಸೂಜಿಗೆ ದಾರ ಪೋಣಿಸಿ ನೋಡಿದಳು. ಒಂದೇ ಸಲಕ್ಕೆ ಒಳಗೆ ಹೋಯಿತು. ಆದರೂ ಧೈರ್ಯ ಬರಲಿಲ್ಲ. ವಯಸ್ಸಾಯಿತಲ್ಲ, ಇರಬಹುದು ಅಂದುಕೊಂಡಳು.

ಮರುದಿನ ಪಾಪಾತಿ ಆ ವಾಪಸ್ ಮೂಟೆ ಬಿಚ್ಚಿ ಒಂದೊಂದಾಗಿ ಸ್ಯಾಂಪಲ್ ಪಕ್ಕ ಹಿಡಿದು ನೋಡಿದಳು. “ಎಲ್ಲ ಸರಿಯಾಗೇ ಇದೆಯಲ್ಲಕ್ಕಾ!”

ಮಡಚುವ ಅಂಗಮ್ಮ ನಕ್ಕಳು. “ನಿಂಗೆ ಇಷ್ಟು ಬೇಗ ಕಣ್ಣು ಹೋಯ್ತೇನೇ? ಇನ್ನೂ ಮದುವೆ ಆಗಿಲ್ಲ!”

ಇಬ್ಬರ ಕಣ್ಣೂ ಒಟ್ಟಿಗೆ ಹೋಗಿರಲಾರದು ಅಂತ ನೆಲದಲ್ಲಿ ಕೂತಿದ್ದ ಸುಬ್ಬಾತಾಳ್ ಗೋಡೆ ಹಿಡಿದು ಎದ್ದಳು. ಪ್ರತಿ ಆಯುಧ ಪೂಜೆಗೆ ಹೊಸ ಸ್ಯಾಂಪಲ್ ತೂಗುಹಾಕುವುದು ಕಂಪನಿಯ ವಾಡಿಕೆ. ಆದರೆ ಎರಡು ಪೂಜೆಗಳ ಹಿಂದೆ, ಕಂಪನಿಯ ಯಜಮಾನ ಮುದಲಾಳಿಯ ತಾಯಿ ಮಿಷನ್ನುಗಳ ಜೊತೆಗೆ ಅದರ ಅಂಚಿಗೂ ಕುಂಕುಮ ಇಟ್ಟುಬಿಟ್ಟಿದ್ದರು. ಪೂಜೆ ಆದದ್ದನ್ನು ಇಳಿಸುವುದು ಹೇಗೆ ಅಂತ ಆಮೇಲೆ ಯಾರೂ ಮುಟ್ಟಿರಲಿಲ್ಲ.

ಅವಳು ಸ್ಯಾಂಪಲ್ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಸಿದಳು. ತಿರುಗಿಸಿದಳು. ಗೋಡೆಯ ಕಡೆಗಿದ್ದ ಬೆನ್ನು ಬೆಳ್ಳಗಿತ್ತು. ಬಿಸಿಲಿನ ಕಡೆಗಿದ್ದ ಎದೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕ ಹಿಡಿದರೆ ಯಾವ ಡಲ್ಲೂ ಬಿಳಿಯೇ.

ಮಯಿಲ್‌ಸಾಮಿ ಎರಡು ಕಡೆಯೂ ನೋಡಿದ. “ಸರಿ ಅಕ್ಕಾ, ಮೇಲೆ ಕೂತ್ಕೊಳ್ಳಿ.”

“ಕಣ್ಣಿನ ಮಾತು ವಾಪಸ್ ತಗೊಳ್ಳಲ್ವಾ ಅಣ್ಣಾ?” ಅಂದಳು ಅಂಗಮ್ಮ.

“ಲೋಡು ಬಂತು,” ಅಂತ ಅವನು ಹೊರಗೆ ಹೋದ.

ಸುಬ್ಬಾತಾಳಿಗೆ ಕೋಪ ಬಂದದ್ದು ಆಗ. ಬಂದದ್ದು ಬಹಳ ಹೊತ್ತು ಉಳಿಯಲೂ ಇಲ್ಲ. ಮೂಟೆ ಪೂರ್ತಿ ಮತ್ತೆ ನೋಡಬೇಕಿತ್ತು. ಸ್ಟೂಲಿನ ಮೇಲೆ ಕೂತು ಮೊದಲನೆಯದನ್ನು ಕೈಗೆತ್ತಿಕೊಂಡಳು.

ಸಂಜೆ ಮನೆ ಸೇರುವಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅದು ನಿಲ್ಲುವ ಮುಂಚೆ ಹಿಡಿಯಬೇಕು, ಕಾಲು ಚಾಚಲು ಹೊತ್ತಿಲ್ಲ. ಕೊಡ ತೊಳೆದು ಇಟ್ಟಳು. ತುಂಬಿದ್ದನ್ನು ಒಳಗಿಟ್ಟು ಬಂದು, ಇನ್ನೊಂದನ್ನು ಹಿಡಿದಳು.