ಜಯಕ್ಕನ ತಲೆ ಸುತ್ತಿರಲಿಲ್ಲ

ಜಯಕ್ಕ, ಆವತ್ತು ನಿಮಗೆ ತಲೆ ಸುತ್ತು ಬಂದಿರಲಿಲ್ಲ. ನೀವಾಗಿ ಬೀಳಲೂ ಇಲ್ಲ. ನಮ್ಮ ಕಾರಿನ ಬಾಗಿಲನ್ನು ನಾನು ಹಿಂದೆ ನೋಡದೆ ತೆಗೆದೆ, ಅದು ನಿಮ್ಮ ಸೈಕಲ್ಲಿಗೆ ಬಡಿಯಿತು, ನೀವು ಬಿದ್ದಿರಿ. ಏಳು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಕಾಗದದ ಮೇಲೆ ಎರಡು ಸಾಲೂ ಆಗಲಿಲ್ಲ ನೋಡಿ — ಇಷ್ಟನ್ನು ಹೇಳಲು ಆಗದೆ ನಿಮ್ಮ ಮನೆಯ ಮುಂದೆ ಎಷ್ಟು ಸಲ ಬಂದು ಹಾಗೇ ವಾಪಸ್ ಹೋಗಿದ್ದೇನೋ.

ಇದನ್ನು ನಿಮ್ಮ ಎದುರು ಕೂತು ನಾನೇ ಓದಬೇಕು ಅಂತ ಬರೆಯುತ್ತಿದ್ದೇನೆ. ಸುಮ್ಮನೆ ಬಾಯಲ್ಲಿ ಹೇಳಲು ಹೋದರೆ ಎಲ್ಲೋ ಒಂದು ಕಡೆ ಮಾತು ತಿರುಗಿಸಿಬಿಡುತ್ತೇನೆ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಆಟೋದವರ ಹತ್ತಿರ ಆಗಲಿ ತರಕಾರಿಯವರ ಹತ್ತಿರ ಆಗಲಿ ಜಗಳಕ್ಕೆ ನಿಂತರೆ ಗೆಲ್ಲದೆ ಬಿಡುವುದಿಲ್ಲ. ಇದರಲ್ಲಿ ನಾನು ಗೆಲ್ಲಬಾರದು. ಅದಕ್ಕೇ ಕಾಗದ.

ಚಾಮರಾಜಪೇಟೆಯ ನಮ್ಮ ಬೀದಿಗಳಲ್ಲಿ ನಿಮ್ಮನ್ನು ಅರಿಯದ ಮನೆ ಇರಲಿಲ್ಲ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ — ಎಲ್ಲವೂ ನಿಮ್ಮ ಕೈಯದು, ಎಲ್ಲವೂ ನಿಮ್ಮ ಸೈಕಲ್ ಮೇಲೆ. ತರಗುಪೇಟೆಗೆ ಹೋಗಿ ಮೆಣಸಿನಕಾಯಿ, ಧನಿಯಾ ನೀವೇ ಆರಿಸಿ ತರುತ್ತಿದ್ದಿರಿ. ಮೂವತ್ತೆಂಟನೇ ವಯಸ್ಸಿಗೆ ಸೈಕಲ್ ಕಲಿತವರು ನೀವು, ಯಜಮಾನರು ತೀರಿಕೊಂಡ ಮೇಲೆ, ಭಾನುವಾರದ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ. ಕಲಿಸಿದ್ದು ಮಗ ಮಂಜು. ಅವನಿಗೆ ಆಗ ಹದಿನಾಲ್ಕೋ ಹದಿನೈದೋ. ಹಿಂದಿನ ಸೀಟು ಹಿಡಿದುಕೊಂಡು ಓಡಿ ಬರುತ್ತಿದ್ದವನು ಯಾವಾಗ ಕೈ ಬಿಟ್ಟನೋ ನನಗೆ ಗೊತ್ತೇ ಆಗಲಿಲ್ಲ ಅಂತ ನೀವು ಎಷ್ಟು ಸಲ ಹೇಳಿದ್ದೀರಿ. ಹೇಳುವಾಗಲೆಲ್ಲ ನಿಮ್ಮ ಮುಖ ನೋಡಬೇಕು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹ್ಯಾಂಡಲ್ಲಿನ ಎರಡೂ ಕಡೆ ಚೀಲ ನೇತು ಹಾಕಿ ನೀವು ಬರುತ್ತಿದ್ದರೆ ಹುಡುಗರು "ಸೈಕಲ್ ಜಯಕ್ಕ ಬಂದ್ರು, ದಾರಿ ಬಿಡ್ರೋ" ಅನ್ನುತ್ತಿದ್ದರು. ನಿಮಗೆ ಅದು ಇಷ್ಟವಾಗುತ್ತಿತ್ತು. ಬೈಯುವ ಹಾಗೆ ಮಾಡುತ್ತಿದ್ದಿರಿ, ಅಷ್ಟೆ.

ಆವತ್ತು ನಮ್ಮ ಹೊಸ ಕಾರಿನ ಪೂಜೆ. ಮನೆಗೆ ಬಂದ ಮೊದಲನೇ ಕಾರು, ನಾನು ಡ್ರೈವಿಂಗ್ ಕಲಿತು ಆರು ತಿಂಗಳೂ ಆಗಿರಲಿಲ್ಲ. ರಸ್ತೆ ತುದಿಯ ಗಣಪತಿ ಗುಡಿ ಮುಂದೆ ಎಡಕ್ಕೆ ನಿಲ್ಲಿಸಿದ್ದೆವು. ಬಾನೆಟ್ಟಿಗೆ ಹಾರ, ಗಾಜಿಗೆ ಅರಿಶಿನ ಕುಂಕುಮ, ಎರಡೂ ಕನ್ನಡಿಗಳಿಗೆ ಮಾರು ಮಾರು ಚೆಂಡು ಹೂವು. ಎಷ್ಟು ಹೂವು ಅಂದರೆ ಬಲಗಡೆಯ ಕನ್ನಡಿಯಲ್ಲಿ ಹೂವೇ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ನನಗೆ ಅದು ಚೆನ್ನಾಗಿದೆ ಅನ್ನಿಸಿತ್ತು.

ಅರ್ಚಕರು ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಸೊಸೆಯೇ ಮೊದಲು ಓಡಿಸಲಿ ಅಂತ ಅತ್ತೆ ನನ್ನನ್ನೇ ಕೂರಿಸಿದರು, ತಾವು ಹಿಂದಿನ ಸೀಟಿನಲ್ಲಿ ಕೂತರು. ಗಾಡಿ ನಿಧಾನಕ್ಕೆ ಮುಂದೆ ಬಿಟ್ಟೆ. ಪಟ್, ಪಟ್, ಪಟ್ — ಮೂರು ಸದ್ದು ಕೇಳಿಸಿತು. ನಾಲ್ಕನೆಯದು ಕೇಳಿಸಲಿಲ್ಲ. ಒಂದು ಮಾರು ಹೋಗಿ ನಿಲ್ಲಿಸಿದೆ.

"ಬಲಗಡೆ ಹಿಂದಿನದು ಒಡೀಲಿಲ್ಲ ಅನ್ಸುತ್ತೆ ಕಣೇ ಸುಮಾ, ನೋಡು," ಅಂದರು ಅತ್ತೆ.

ನಾಲ್ಕೂ ಒಡೆಯಬೇಕು, ಒಂದು ಉಳಿದರೂ ಗಾಡಿಗೆ ದೃಷ್ಟಿ ಉಳಿಯುತ್ತದೆ ಅನ್ನುವುದು ನಮ್ಮ ಮನೆಯ ನಂಬಿಕೆ. ಗಾಜು ಇಳಿಸಿ ತಲೆ ಹೊರಗೆ ಹಾಕಿದ್ದರೆ ಸಾಕಿತ್ತು. ಇಲ್ಲ — ಬಲಗೈಯಲ್ಲಿ ಬಾಗಿಲನ್ನು ಪೂರ್ತಿ ತಳ್ಳಿ, ಹಿಂದಿನ ಚಕ್ರದ ಕಡೆಗೆ ಬಗ್ಗಿ ನೋಡಿದೆ. ಕಣ್ಣು ನೆಲದ ಮೇಲೆ, ನಿಂಬೆಹಣ್ಣಿನ ಮೇಲೆ. ಅದು ಒಡೆದಿರಲಿಲ್ಲ, ಪಕ್ಕಕ್ಕೆ ಜಾರಿತ್ತು. ಅಷ್ಟರಲ್ಲಿ ಬಾಗಿಲು ಧಡ್ ಅಂತ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು.

ಮುಂದೆ ರಸ್ತೆಯೆಲ್ಲ ಕೆಂಪು. ರಕ್ತ ಅಂದುಕೊಂಡು ಗಾಡಿಯಿಂದ ಇಳಿದೆ. ಆಮೇಲೆ ಘಾಟು ಬಂತು — ಸಾರಿನ ಪುಡಿ. ಚೀಲ ಒಡೆದಿತ್ತು. ಓಡಿ ಬಂದವರೆಲ್ಲ ಕೆಮ್ಮುತ್ತಾ, ಸೀನುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ನಿಂತರು. ನಡುವೆ ನೀವು ಮಗ್ಗುಲಾಗಿ ಬಿದ್ದಿದ್ದಿರಿ, ಕಣ್ಣು ಮುಚ್ಚಿತ್ತು. ನಮ್ಮ ಯಜಮಾನರು ಗುಡಿಯ ಬಾಗಿಲಲ್ಲಿ ಪ್ರಸಾದ ತೆಗೆದುಕೊಳ್ಳುತ್ತಿದ್ದವರು ಆಗಷ್ಟೇ ತಿರುಗಿ ನೋಡಿದರು. ಏನು ನಡೆಯಿತು ಅಂತ ಹೊರಗಿದ್ದವರು ಯಾರೂ ನೋಡಿರಲಿಲ್ಲ.

"ಏನಾಯ್ತಮ್ಮ?" ಅಂತ ಯಾರೋ ಕೇಳಿದರು.

"ತಲೆ ಸುತ್ತು ಬಂದ ಹಾಗಾಯ್ತು, ಹಾಗೇ ಬಿದ್ಬಿಟ್ರು," ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ ಅನ್ನಬಹುದು. ಅದು ಮೊದಲನೇ ಸಲಕ್ಕೆ ಮಾತ್ರ ನಿಜ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಯೋಚನೆ ಮಾಡಿಯೇ ಹೇಳಿದೆ. ಮಂಜು ಕೆಲಸ ಬಿಟ್ಟು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದಾಗ ಇನ್ನೂ ಚೆನ್ನಾಗಿ ಹೇಳಿದೆ — ಮೊದಲು ಹ್ಯಾಂಡಲ್ ಅಲ್ಲಾಡಿತು, ಆಮೇಲೆ ಕಣ್ಣು ಮುಚ್ಚಿಕೊಂಡರು ಅಂತೆಲ್ಲ. ಮಧ್ಯಾಹ್ನ ನಿಮಗೆ ಪ್ರಜ್ಞೆ ಬಂತು. ಬಿದ್ದದ್ದು ನೆನಪಿರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟದ್ದೂ ನೆನಪಿರಲಿಲ್ಲ. ನನ್ನನ್ನೇ ಕೇಳಿದಿರಿ. ಆಗ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು ಜಯಕ್ಕ. ಅದಕ್ಕಿಂತ ಒಳ್ಳೆಯ ಸಮಯ ಬೇರೆ ಯಾವುದಿತ್ತು — ಆಗಲೂ ಅದೇ ಸುಳ್ಳು ಹೇಳಿದೆ. ಪ್ಲಾಸ್ಟರ್ ಹಾಕದ ಕೈಯಿಂದ ನೀವು ನನ್ನ ಗಲ್ಲ ಸವರಿದಿರಿ. "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ತಾಯಿ" ಅಂದಿರಿ. ನಾನು ತಲೆ ತಗ್ಗಿಸಿದೆ. ನೀವು ಅದನ್ನು ಸಂಕೋಚ ಅಂದುಕೊಂಡಿರಿ.

ಮನೆಗೆ ಬಂದಾಗ ಕಾರಿನ ಬಾಗಿಲಿನ ಅಂಚು ಒಳಕ್ಕೆ ಹೋಗಿತ್ತು. ಅತ್ತೆ ಅದನ್ನು ನೋಡಿದರು, ನನ್ನನ್ನೂ ನೋಡಿದರು. ಏನೂ ಕೇಳದೆ ಒಳಗಿನಿಂದ ಅರಿಶಿನ ಕುಂಕುಮ ತಂದು ಅದರ ಮೇಲೆ ದಪ್ಪಕ್ಕೆ ಬಳಿದರು. ಅವರೀಗ ಇಲ್ಲ. ಅವರ ಮೇಲೆ ನಾನು ಏನನ್ನೂ ಹೊರಿಸುವುದಿಲ್ಲ. ಕುಂಕುಮ ಬಳಿದದ್ದು ಅವರ ಕೈ, ಅದನ್ನು ಅಲ್ಲೇ ಬಿಟ್ಟವಳು ನಾನು.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಸಿಗಬೇಕಾದರೂ ಹೇಗೆ? ಆದರೂ ಎದುರಿಗೆ ನೋಡಿದವಳು ಹೇಳುತ್ತಿದ್ದಾಳಲ್ಲ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಮಂಜು ಹೆದರಿಬಿಟ್ಟಿದ್ದ. ನಿಮ್ಮ ಕೈ ಕೂಡಿಕೊಳ್ಳುವ ಹೊತ್ತಿಗೆ ಸೈಕಲ್ಲು ಗುಜರಿಗೆ ಹೋಗಿತ್ತು. "ತಲೆ ಸುತ್ತೋರು ರಸ್ತೆಗೆ ಇಳಿಯೋದು ಬೇಡಮ್ಮ" ಅಂತ ಅವನು ಅಂದದ್ದು ಪ್ರೀತಿಯಿಂದಲೇ. ಅಪ್ಪ ಹೋದ ಮೇಲೆ ಅವನಿಗೆ ಇದ್ದವರು ನೀವೊಬ್ಬರೇ ತಾನೆ. ಆದರೆ ಅಷ್ಟರಿಂದ ನಿಮ್ಮ ತರಗುಪೇಟೆ ಹೋಯಿತು. ಮಂಗಳವಾರಗಳಂದು ಬಿನ್ನಿಪೇಟೆಯ ಅಕ್ಕನ ಮನೆಗೆ ಹೋಗುತ್ತಿದ್ದದ್ದು ಹೋಯಿತು, ಈಗ ಹಬ್ಬಕ್ಕೆ ಮಾತ್ರ, ಅದೂ ಮಂಜುವಿಗೆ ಬಿಡುವಿದ್ದರೆ. ಮನೆ ಮನೆಗೆ ಹೋಗಿ ಕೊಡುತ್ತಿದ್ದ ಪುಡಿ ಈಗ ಬಾಗಿಲಿಗೆ ಬಂದವರಿಗೆ ಮಾತ್ರ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಮನೆಯ ಮೆಟ್ಟಿಲು ಇಳಿಯುವಾಗ ನೀವು ಗೋಡೆ ಹಿಡಿದುಕೊಂಡು ಇಳಿಯುತ್ತೀರಿ, ಒಂದೊಂದು ಮೆಟ್ಟಿಲಿಗೂ ನಿಂತು. ಒಲೆಯ ಮುಂದಿನಿಂದ ಏಳುವಾಗ ಒಂದು ಕ್ಷಣ ಕಣ್ಣು ಮುಚ್ಚಿ, ತಲೆ ಸರಿಯಾಗಿದೆಯಾ ಅಂತ ನೋಡಿಕೊಂಡು ಆಮೇಲೆ ಏಳುತ್ತೀರಿ. ಮೊದಲು ನೀವು ಹಾಗಿರಲಿಲ್ಲ. ಆ ಭಯವನ್ನು ನಿಮ್ಮೊಳಗೆ ಇಟ್ಟವಳು ನಾನು, ಒಂದು ವಾಕ್ಯದಿಂದ. ಮುರಿದ ಕೈ ಎರಡು ತಿಂಗಳಲ್ಲಿ ಸರಿಹೋಯಿತು, ಇದು...

ಪ್ರತಿ ತಿಂಗಳೂ ನೀವು ನನಗೆ ಚಟ್ನಿ ಪುಡಿ ಕಳಿಸುತ್ತೀರಿ, ನಿನಗೆ ಅಂತಲೇ ಇಂಗು ಜಾಸ್ತಿ ಹಾಕಿದೀನಿ ಅಂತ. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಂತ ಬರೆದರೆ ಕೇಳಲು ಚೆನ್ನಾಗಿರುತ್ತಿತ್ತು. ಇಳಿಯುತ್ತಿತ್ತು ಜಯಕ್ಕ. ರುಚಿಯಾಗಿರುತ್ತಿತ್ತು, ಎರಡು ದೋಸೆ ಹೆಚ್ಚಿಗೆ ತಿನ್ನುತ್ತಿದ್ದೆ. ಮನುಷ್ಯರು ಎಂಥದ್ದನ್ನು ಬೇಕಾದರೂ ರೂಢಿ ಮಾಡಿಕೊಳ್ಳುತ್ತಾರೆ, ನಾನಂತೂ ಮಾಡಿಕೊಂಡೆ.

ಆಮೇಲೆ ನಾನು ಮಾಡಿದ್ದು ನಿಮಗೆ ಗೊತ್ತು. ಬಡಾವಣೆಯಲ್ಲಿ ಸೈಕಲ್ಲಿನವರಿಗಾಗಿ ಗುಂಪು ಕಟ್ಟಿದೆ. ಶಾಲೆಯ ಮುಂದೆ ಕಾರು ನಿಲ್ಲಿಸಬಾರದು ಅಂತ ಠಾಣೆಗೆ ಅಲೆದೆ. ರಸ್ತೆ ಬದಿಯಲ್ಲಿ ಸೈಕಲ್ಲಿಗೆ ಬೇರೆ ಗೆರೆ ಎಳೆಯಿರಿ ಅಂತ ಪಾಲಿಕೆಯವರ ತಲೆ ತಿಂದೆ. ಕಾರಿನವರಿಗೆಲ್ಲ ಚೀಟಿ ಅಂಟಿಸಿ ಕೊಟ್ಟೆ — ಬಾಗಿಲು ಎಡಗೈಯಿಂದ ತೆಗೆಯಿರಿ. ಎಡಗೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದಿನ ರಸ್ತೆ ಕಾಣುತ್ತದೆ. ಇದನ್ನು ಭಾನುವಾರಗಳಂದು ಕುರ್ಚಿ ಮೇಲೆ ಕೂತು ಜನರಿಗೆ ಮಾಡಿ ತೋರಿಸಿದೆ. ಸುಮಾ ಮೇಡಂಗೆ ಸೈಕಲ್ಲಿನವರ ಮೇಲೆ ಎಷ್ಟು ಕಾಳಜಿ ಅಂದರು. ಒಬ್ಬ ಹೆಂಗಸು ನನ್ನ ಕಣ್ಣ ಮುಂದೆಯೇ ಬಿದ್ದದ್ದನ್ನು ನೋಡಿದ್ದೇನೆ, ಅದಕ್ಕೇ ಅನ್ನುತ್ತಿದ್ದೆ. ಯಾರ ಬಾಗಿಲು ಅಂತ ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲಸ ಸುಳ್ಳಲ್ಲ, ಅದು ನಡೆಯಲಿ. ಆದರೆ ಅದನ್ನು ನಿಮಗೆ ಕೊಡಬೇಕಾದ ಸಾಲಕ್ಕೆ ವಜಾ ಹಾಕಿಕೊಳ್ಳುತ್ತಾ ಬಂದೆನಲ್ಲ, ಆ ಹಕ್ಕು ನನಗೆ ಇರಲಿಲ್ಲ.

ಹೋದ ತಿಂಗಳು ನಮ್ಮ ಪ್ರದೇಶದಲ್ಲಿ ಸೈಕಲ್ಲಿನಿಂದ ಬಿದ್ದವರನ್ನೆಲ್ಲ ಕರೆದು, ಎಲ್ಲಿ ಬಿದ್ದಿರಿ, ಯಾಕೆ ಬಿದ್ದಿರಿ ಅಂತ ಬರೆದುಕೊಂಡೆವು, ಟ್ರಾಫಿಕ್ ಪೊಲೀಸರಿಗೆ ಕೊಡಲು. ಗ್ರಂಥಾಲಯದ ಕೋಣೆಯಲ್ಲಿ ಮೇಜಿನ ಈ ಕಡೆ ನಾನು, ಪೆನ್ನು ಹಿಡಿದುಕೊಂಡು. ನೀವೂ ಬಂದಿರಿ, ಮಂಜುವಿನ ಹೆಂಡತಿಯ ಕೈ ಹಿಡಿದುಕೊಂಡು.

"ರಸ್ತೇದು ಏನೂ ತಪ್ಪಿಲ್ಲಮ್ಮ, ನನ್ನ ತಲೇದೇ ತಪ್ಪು. ಹಾಗೇ ಬರ್ಕೊ," ಅಂದಿರಿ.

ಬರೆದುಕೊಂಡೆ ಜಯಕ್ಕ. ಕಾರಣ ಅನ್ನುವ ಜಾಗದಲ್ಲಿ, ನನ್ನ ದುಂಡು ಅಕ್ಷರದಲ್ಲಿ — ಸವಾರರಿಗೆ ತಲೆ ಸುತ್ತು. ನೀವು ಎದ್ದು ಹೊರಟವರು ಬಾಗಿಲಲ್ಲಿ ನಿಂತು ಕೇಳಿದಿರಿ, "ಆ ಗೆರೆ ಎಳೀತಾರಂತಲ್ಲ ಸುಮಾ, ಅದರೊಳಗೆ ನನ್ನಂಥೋರೂ ಹೋಗಬಹುದಾ?" ನಾನು ಉತ್ತರ ಕೊಡುವ ಮೊದಲೇ ನೀವೇ ನಕ್ಕು, "ಬೇಡ ಬಿಡು, ನಮ್ಮ ಮಂಜು ಬಿಡಲ್ಲ" ಅಂದಿರಿ.

ಅರವತ್ತು ದಾಟಿದ ಮೇಲೂ ನಿಮಗೆ ಆಸೆ ಇದೆ. ಅದು ಹೋಗಿದೆ, ನೀವು ಮನೆಗೆ ಒಗ್ಗಿಕೊಂಡಿದ್ದೀರಿ ಅಂತ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ. ಆವತ್ತಿನಿಂದ ಆ ಸಮಾಧಾನ ಇಲ್ಲ.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಯಜಮಾನರಿಗೆ ಹೇಳಿದೆ. ಲೋಟ ಕೆಳಗಿಟ್ಟರು. "ನನಗೆ ಯಾಕೆ ಹೇಳ್ತಿದೀಯ, ಹೋಗಿ ಅವರಿಗೆ ಹೇಳು" ಅಂದರು.

ನಾಳೆ ಶನಿವಾರ, ಮಂಜು ಮನೆಯಲ್ಲಿರುತ್ತಾನೆ. ಅವನೂ ಕೂತು ಕೇಳಬೇಕು, ಯಾಕೆಂದರೆ ಮೋಸ ಹೋದವನು ಅವನೂ. ಗ್ರಂಥಾಲಯದಲ್ಲಿ ಬರೆದುಕೊಂಡ ಆ ಹಾಳೆಯನ್ನು ಹರಿದು ಹೊಸದು ಬರೆದಿದ್ದೇನೆ, ಕಾರಣದ ಜಾಗದಲ್ಲಿ ನನ್ನ ಹೆಸರಿದೆ. ಪೊಲೀಸರಿಗೆ ಹೋಗುವುದು ಅದೇ. ಗುಂಪಿನವರಿಗೂ ಭಾನುವಾರ ನಾನೇ ಹೇಳುತ್ತೇನೆ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ — ಡಾಕ್ಟರ ಹತ್ತಿರ ಹೋಗೋಣ, ನಡೆದದ್ದನ್ನು ಅವರ ಮುಂದೆಯೂ ಹೇಳುತ್ತೇನೆ. ನನ್ನ ಜೊತೆ ಬರಲು ಮನಸ್ಸಿಲ್ಲದಿದ್ದರೆ ಮಂಜುವಿನ ಜೊತೆ ಹೋಗಿ. ನನ್ನನ್ನು ಮನೆಯಿಂದ ಆಚೆ ಹೋಗು ಅಂದರೂ ಹೋಗುತ್ತೇನೆ. ಕ್ಷಮಿಸಿ ಅಂತ ನಾಳೆ ಕೇಳುವುದಿಲ್ಲ. ಕೇಳಿದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ನಿಮ್ಮ ಗುಣ ನನಗೆ ಗೊತ್ತು.

ಇನ್ನೊಂದು ಉಳಿದಿದೆ. ಇಷ್ಟು ಬರೆದವಳು ಇದನ್ನು ಬಿಟ್ಟುಬಿಡೋಣ ಅಂತ ಎರಡು ಸಲ ಪೆನ್ನು ಕೆಳಗಿಟ್ಟೆ. ಹಿಂದೆ ನೋಡದೆ ಬಾಗಿಲು ತೆಗೆದೆ ಅಂತ ಮೊದಲು ಬರೆದೆನಲ್ಲ, ಅದು ಪೂರ್ತಿ ಅಲ್ಲ. ಆವತ್ತು ನೀವು ನಿಮ್ಮ ದಾರಿಯಲ್ಲಿ ಬರುತ್ತಿದ್ದಿರಿ. ನಾನು ಬಾಗಿಲು ತಳ್ಳುವ ಮೊದಲೇ ಬೆಲ್ ಮಾಡಿದಿರಿ, ಎರಡು ಸಲ. ನನಗೆ ಕೇಳಿಸಿತು ಜಯಕ್ಕ. ಸೈಕಲ್ ತಾನೇ, ಸುತ್ತಿಕೊಂಡು ಹೋಗ್ತಾರೆ ಅಂದುಕೊಂಡೆ.